ಟಿವಿಗೆ ಹಾಕಿ ಆಡುವ ಕನ್ಸೋಲನ್ನು ಕೈಗೆ ತರುವುದು: ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಡಬೇಕು

ಕಳೆದ ಮಳೆಗಾಲದಲ್ಲಿ ಪರಿಚಯದ ಹುಡುಗನೊಬ್ಬ ನಿಂಟೆಂಡೊ 64 ಅನ್ನುವ ಹಳೆಯ ಗೇಮ್ ಕನ್ಸೋಲ್ ಹಿಡಿದುಕೊಂಡು ಮನೆಗೆ ಬಂದ. ಅಮೆರಿಕದಲ್ಲಿರುವ ಚಿಕ್ಕಪ್ಪ ಕೊಟ್ಟದ್ದಂತೆ. "ಅಣ್ಣಾ, ಇದನ್ನ ಕೈಯಲ್ಲಿ ಹಿಡ್ಕೊಂಡು ಆಡೋ ಹಾಗೆ ಮಾಡ್ಬೇಕು. ಎಲ್ಲಿ ಕತ್ತರಿಸ್ಬೇಕು ಹೇಳಿ" ಅಂದ. ಅದನ್ನು ವಾಪಸ್ ಡಬ್ಬಕ್ಕೆ ಹಾಕು ಅಂದೆ. ಅವನ ಮುಖ ಸಪ್ಪಗಾಯಿತು.

ಎಲ್ಲರೂ ಮಾಡುವ ತಪ್ಪೇ ಅದು. ಇಷ್ಟದ ಗೇಮ್ ಯಾವುದು ಅಂತ ನೋಡಿ ಕನ್ಸೋಲ್ ಆರಿಸುತ್ತಾರೆ. ಆದರೆ ಈ ಕೆಲಸದಲ್ಲಿ ನೋಡಬೇಕಾದ್ದು ಕನ್ಸೋಲ್ ಏನು ಆಡಿಸುತ್ತದೆ ಅನ್ನುವುದನ್ನಲ್ಲ, ಅದರಿಂದ ಏನೇನು ಕಿತ್ತು ಬಿಸಾಡಬಹುದು ಅನ್ನುವುದನ್ನು. ಡಿಸ್ಕ್ ಡ್ರೈವ್ ಕಿತ್ತರೂ ಗೇಮ್ ಓಡುತ್ತದಾ? ಬೋರ್ಡಿನ ಅರ್ಧ ಕತ್ತರಿಸಿದರೂ ಜೀವ ಇರುತ್ತದಾ? ಅಡಾಪ್ಟರ್ ಬದಲು ಬ್ಯಾಟರಿ ಕೊಟ್ಟರೆ ಎಷ್ಟು ಬಗೆಯ ವೋಲ್ಟೇಜ್ ಬೇಕಾಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಆಯ್ಕೆ ತಾನಾಗಿ ಆಗುತ್ತದೆ.

ಇದೇನು ಹೊಸ ಹುಚ್ಚಲ್ಲ. ಕಂಪನಿಗಳೇ ಮೊದಲು ಮಾಡಿದ್ದವು. ಎನ್‌ಇಸಿ 1990ರಲ್ಲಿ ಟರ್ಬೊಎಕ್ಸ್‌ಪ್ರೆಸ್ ತಂದಿತು. ಮನೆಯ ಟರ್ಬೊಗ್ರಾಫ್ಕ್ಸ್-16ರ ಗೇಮ್ ಕಾರ್ಡನ್ನೇ ಅದಕ್ಕೂ ಹಾಕಬಹುದಿತ್ತು. 1995ರಲ್ಲಿ ಸೆಗಾ ತಂದ ನೊಮ್ಯಾಡ್ ಅಂದರೆ ಅದರದೇ ಮನೆ ಕನ್ಸೋಲ್ ಮೆಗಾ ಡ್ರೈವ್‌ನ ಕೈಯಲ್ಲಿ ಹಿಡಿಯುವ ರೂಪ. ಆರು ಡಬಲ್ ಎ ಸೆಲ್ ಹಾಕಿದರೆ ಎರಡು-ಮೂರು ಗಂಟೆಯಲ್ಲಿ ಕುಡಿದು ಮುಗಿಸುತ್ತಿತ್ತು. ಮನೆಯಲ್ಲಿ ಕೂತು ಮಾಡುವವರ ಪೈಕಿ ಮೊದಲು ಹೆಸರು ಮಾಡಿದವರು ಅಮೆರಿಕದ ವಿಸ್ಕಾನ್ಸಿನ್‌ನ ಬೆನ್ ಹೆಕ್. 2000ದಲ್ಲಿ ಅವರು ಅಟಾರಿ 2600ನ್ನು ಕತ್ತರಿಸಿ ಕೈಗೆ ತಂದರು. ಆಗಿನಿಂದ ಇವತ್ತಿನವರೆಗೆ ಎಲ್ಲರೂ ಗುದ್ದಾಡುತ್ತಿರುವುದು ಅದೇ ಎರಡರ ಜೊತೆ: ಬ್ಯಾಟರಿ ಮತ್ತು ಬಿಸಿ.

ಕಪ್ಪು ಬೊಟ್ಟಿನ ಟಿವಿ ಗೇಮ್

ಮೊದಲ ಸಲ ಕೈ ಹಾಕುವವರಿಗೆ ನಾನು ಕಣ್ಣು ಮುಚ್ಚಿಕೊಂಡು ಹೇಳುವುದು ಇದನ್ನೇ. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆ ಕಳೆದವರಿಗೆ ವಿವರಿಸಬೇಕಿಲ್ಲ. ಹಳದಿ ಕ್ಯಾಸೆಟ್, ಅದರ ಮೇಲೆ "9999999 ಇನ್ 1" ಅಂತ ಬರಹ, ಒಳಗೆ ಇರುವುದು ಐದೋ ಆರೋ ಗೇಮ್. ಅದು ನಿಂಟೆಂಡೊದ ಫ್ಯಾಮಿಕಾಮ್ ಅನ್ನುವ ಹಳೆಯ ಕನ್ಸೋಲಿನ ನಕಲು. ಆ ಥರದವು ಈಗಲೂ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಕೆಟ್ಟರೆ ದುಃಖವಿಲ್ಲ. ಮೊದಲ ಪ್ರಾಜೆಕ್ಟಿಗೆ ಇದಕ್ಕಿಂತ ದೊಡ್ಡ ಗುಣ ಬೇಕಾ?

ಬಿಚ್ಚಿ ನೋಡಿ. ಹೊಸ ಕಾಲದ ನಕಲುಗಳಲ್ಲಿ ಪ್ರೊಸೆಸರ್, ಚಿತ್ರ ಬಿಡಿಸುವ ಚಿಪ್ ಎಲ್ಲ ಸೇರಿ ಒಂದೇ ಕಪ್ಪು ಬೊಟ್ಟು. ಅದರ ಸುತ್ತ ಅಂಗೈಗಿಂತ ಚಿಕ್ಕ ಬೋರ್ಡ್. ಉಳಿದ ಡಬ್ಬವೆಲ್ಲ ಬರೀ ಗಾಳಿ. ಅಂದರೆ ಕಂಪನಿಯೇ ನಿಮ್ಮ ಬದಲಿಗೆ ಕತ್ತರಿಸಿ ಕೊಟ್ಟಿದೆ.

ಕರೆಂಟಿನ ಲೆಕ್ಕವೂ ಸುಲಭ. ಅಡಾಪ್ಟರ್ 9 ವೋಲ್ಟ್ ಅಂತ ಬರೆದಿರುತ್ತದೆ. ಒಳಗೆ 7805 ಅನ್ನುವ ಮೂರು ಕಾಲಿನ ರೆಗ್ಯುಲೇಟರ್ ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಮಿಕ್ಕ 4 ವೋಲ್ಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ, ಹತ್ತಿರ ಹತ್ತಿರ ಅರ್ಧದಷ್ಟು ದಂಡ. ಗೋಡೆಯ ಪ್ಲಗ್ಗಿಗೆ ಅದು ಲೆಕ್ಕಕ್ಕಿಲ್ಲ, ಬ್ಯಾಟರಿಗೆ ಲೆಕ್ಕವಿದೆ. ಆದ್ದರಿಂದ ಆ 7805 ತೆಗೆದು, ಒಂದು ಲಿಥಿಯಂ ಸೆಲ್ ಮತ್ತು 5 ವೋಲ್ಟಿಗೆ ಏರಿಸುವ ಪುಟ್ಟ ಬೂಸ್ಟ್ ಬೋರ್ಡ್ ಹಾಕಿ. ಕನ್ಸೋಲಿಗಿಂತ ಪರದೆಯೇ ಜಾಸ್ತಿ ಕುಡಿಯುತ್ತದೆ.

ಬಟನ್‌ಗಳಿಗೆ ಕನ್ಸೋಲಿನ ಜೊತೆ ಬಂದ ರಿಮೋಟಿನ ಬೋರ್ಡನ್ನೇ ಕತ್ತರಿಸಿ ಬಳಸಿ. ಫ್ಯಾಮಿಕಾಮ್ ಜಾತಿಯ ರಿಮೋಟಿಗೆ ಬೇಕಿರುವುದು ಐದೇ ವೈರ್: ಕರೆಂಟು, ಗ್ರೌಂಡ್, ಕ್ಲಾಕ್, ಲ್ಯಾಚ್, ಡೇಟಾ. ಎಂಟು ಬಟನ್ನಿನ ಸುದ್ದಿಯೂ ಒಂದೇ ಡೇಟಾ ವೈರಿನಲ್ಲಿ ಸಾಲಾಗಿ ಹೋಗುತ್ತದೆ.

ಇದರ ದೊಡ್ಡ ಕೊರತೆ ಕ್ಯಾಸೆಟ್ಟೇ. 60 ಪಿನ್ನಿನ ಆ ಸ್ಲಾಟು, ಅದರ ಮೇಲೆ ನೆಟ್ಟಗೆ ನಿಂತ ಕ್ಯಾಸೆಟ್ಟು. ಮಲಗಿಸಬೇಕೆಂದರೆ ಅಷ್ಟೂ ಪಿನ್ನಿಗೆ ವೈರ್ ಎಳೆಯಬೇಕು. ನಾನು ಎಳೆಯಲಿಲ್ಲ. ನನ್ನದರ ಬೆನ್ನಿನಿಂದ ಕ್ಯಾಸೆಟ್ ಗೂನಿನ ಹಾಗೆ ಹೊರಗೆ ಚಾಚಿದೆ. ಚೆನ್ನಾಗಿ ಕಾಣುವುದಿಲ್ಲ, ಆದರೆ ಆಡುವಾಗ ಬೆರಳು ಇಟ್ಟುಕೊಳ್ಳಲು ಒಳ್ಳೆಯ ಜಾಗ.

ನಿಂಟೆಂಡೊ 64 ಯಾಕೆ ಬೇಡ ಅಂದೆ

1996ರ ಈ ಕನ್ಸೋಲ್ ನೋಡಲು ಆಸೆ ಹುಟ್ಟಿಸುತ್ತದೆ. ಡಿಸ್ಕ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ, ಬೋರ್ಡ್ ದೊಡ್ಡದೇನಲ್ಲ. ಕೈಗೆ ತರಲು ಹೇಳಿ ಮಾಡಿಸಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಒಳಗೆ ಹೋದ ಮೇಲೆ ಗೊತ್ತಾಗುವುದು.

ಮೊದಲನೆಯದು ಕರೆಂಟು. ಅದರ ಅಡಾಪ್ಟರ್ ಮೇಲೆ ಬರೆದಿರುವುದು 3.3 ವೋಲ್ಟಿಗೆ 2.7 ಆಂಪ್, ಜೊತೆಗೆ 12 ವೋಲ್ಟಿಗೆ 0.8 ಆಂಪ್. ಎರಡನ್ನೂ ಬ್ಯಾಟರಿಯಿಂದಲೇ ಹುಟ್ಟಿಸಬೇಕು. ಎರಡನೆಯದು ಬಿಸಿ. ಒಳಗೆ ಚಿಪ್‌ಗಳ ಮೇಲೆ ದಪ್ಪ ಅಲ್ಯೂಮಿನಿಯಂ ತಟ್ಟೆ ಕೂರಿಸಿರುತ್ತಾರೆ. ಅದನ್ನು ತೆಗೆದರೆ ಬದಲಿಗೆ ಏನಾದರೂ ಇಡಲೇಬೇಕು.

ಮೂರನೆಯದು ನನ್ನ ಕೈ ಸುಟ್ಟ ಜಾಗ. ಈ ಕನ್ಸೋಲಿನ ಮುಂಭಾಗದಲ್ಲಿ ಮುಚ್ಚಳದ ಕೆಳಗೆ ಒಂದು ಪುಟ್ಟ ಪ್ಯಾಕ್ ಇರುತ್ತದೆ. ಅದು ಜಂಪರ್ ಪ್ಯಾಕ್, ಇಲ್ಲವೇ ಮೆಮೊರಿಯನ್ನು 4 ಎಂಬಿಯಿಂದ 8ಕ್ಕೆ ಏರಿಸುವ ಎಕ್ಸ್‌ಪ್ಯಾನ್ಷನ್ ಪ್ಯಾಕ್. ಎರಡರಲ್ಲಿ ಒಂದು ಇರದಿದ್ದರೆ ಕನ್ಸೋಲ್ ಆನ್ ಆಗುವುದೇ ಇಲ್ಲ. ಅದು ನೆಟ್ಟಗೆ ನಿಂತು ದಪ್ಪ ಹೆಚ್ಚಿಸುತ್ತದೆ ಅಂತ ನಾನು ನಾಲ್ಕು ಇಂಚಿನ ವೈರ್ ಎಳೆದು ಪಕ್ಕಕ್ಕೆ ಮಲಗಿಸಿದೆ. ಇಡೀ ಒಂದು ಭಾನುವಾರದ ಕೆಲಸ. ಆನ್ ಮಾಡಿದರೆ ಕಪ್ಪು ಪರದೆ. ಕಾರಣ ಆಮೇಲೆ ತಿಳಿಯಿತು. ಅಲ್ಲಿರುವುದು ರ‍್ಯಾಂಬಸ್ ಮೆಮೊರಿ, 250 ಮೆಗಾಹರ್ಟ್ಸ್ ಕ್ಲಾಕಿನ ಮೇಲೆ ಓಡುತ್ತದೆ. ಅಷ್ಟು ವೇಗದಲ್ಲಿ ನಾಲ್ಕು ಇಂಚು ವೈರ್ ಅಂದರೆ ಸಂತೆಯಲ್ಲಿ ಪಿಸುಮಾತು ಆಡಿದ ಹಾಗೆ. ಆ ಕಡೆ ಏನೂ ಕೇಳಿಸುವುದಿಲ್ಲ. ವೈರ್ ಕಿತ್ತು ಹಾಕುವಾಗ ಬೋರ್ಡಿನ ಎರಡು ತಾಮ್ರದ ಗೆರೆಯೂ ಎದ್ದು ಬಂತು. ಅಲ್ಲಿಗೆ ಅದರ ಕಥೆ ಮುಗಿಯಿತು.

ತಮಾಷೆಯೆಂದರೆ ಕಾರ್ಟ್ರಿಜ್ ಸ್ಲಾಟಿಗೆ ಈ ತೊಂದರೆ ಇಲ್ಲ. ಅದರ ವೇಗ ಕಡಿಮೆ, ಕೆಲವು ಇಂಚಿನ ವೈರ್ ಸಹಿಸುತ್ತದೆ. ಆದರೆ ಸ್ಲಾಟಿಗೆ 50 ಪಿನ್. ಗ್ರೌಂಡ್‌ಗಳನ್ನೆಲ್ಲ ಒಂದುಗೂಡಿಸಿದರೂ ಬೆಸುಗೆ ಹಾಕುವುದು ಸಾಕಷ್ಟು ಉಳಿಯುತ್ತದೆ. ಇದರ ಜೊತೆಗೆ ರಿಮೋಟಿನ ನಡುವಿನ ಕಡ್ಡಿ. ಅದು ಹಳೆಯದಾದ ಹಾಗೆ ಸವೆದು ಸಡಿಲವಾಗುತ್ತದೆ, ಕೈಗನ್ಸೋಲಿನಲ್ಲಿ ಕೂರಿಸಲು ಉದ್ದವೂ ಜಾಸ್ತಿ. ಅದಕ್ಕೂ ಬದಲಿ ಹುಡುಕಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕೈಗೆ ಬರುವುದು ಇಟ್ಟಿಗೆಯಂಥ ಡಬ್ಬ. ಮೂಗಿಗಿಂತ ಮೂಗುತಿ ಭಾರ. ಎರಡು-ಮೂರು ಪ್ರಾಜೆಕ್ಟ್ ಮುಗಿಸಿದವರು, ಇದೇ ಬೇಕು ಅನ್ನುವ ಹಟದವರು ಮಾಡಲಿ. ಪ್ಯಾಕನ್ನು ಮಾತ್ರ ಇದ್ದಲ್ಲೇ ಬಿಡಿ.

ಸೋನಿಯ ಎರಡು

ಪಿಎಸ್ ಒನ್, ಅಂದರೆ ಮೊದಲ ಪ್ಲೇಸ್ಟೇಷನ್ನಿನ 2000ದ ಚಿಕ್ಕ ರೂಪ, ಅರ್ಧ ದಾರಿ ತಾನೇ ನಡೆದು ಬಂದಿದೆ. ಹೊರಗಿನ ಅಡಾಪ್ಟರು, 7.5 ವೋಲ್ಟ್ ಒಂದೇ. ಅದಕ್ಕೆ ಅಂಟಿಸುವ 5 ಇಂಚಿನ ಪರದೆಯನ್ನೂ ಸೋನಿಯೇ ಮಾರಿತ್ತು. ಪರದೆ ಇತ್ತು, ಬ್ಯಾಟರಿ ಇರಲಿಲ್ಲ. ಕಷ್ಟ ಇರುವುದು ಡಿಸ್ಕಿನಲ್ಲಿ. ಬಸ್ಸಿನಲ್ಲಿ ಕೂತು ಆಡುವಾಗ ತಿರುಗುವ ಸಿಡಿ ಕುಲುಕಿದರೆ ಗೇಮ್ ನಿಂತಿತು. ಡ್ರೈವ್ ಬದಲು ಮೆಮೊರಿ ಕಾರ್ಡಿನಿಂದ ಗೇಮ್ ಓದಿಸುವ ಕಿಟ್‌ಗಳಿವೆ. ಎಲ್ಲ ಕಿಟ್ಟೂ ಎಲ್ಲ ಬೋರ್ಡ್ ಮಾದರಿಗೂ ಕೂರುವುದಿಲ್ಲ. ಮಾದರಿ ನೋಡಿ ಕೊಳ್ಳಬೇಕು. ಆದರೆ ನನಗೆ ಇದರ ಮೇಲೆ ಅಷ್ಟು ಮೋಹವಿಲ್ಲ. ಸೋನಿಯದೇ ಕೈಗನ್ಸೋಲ್ ಪಿಎಸ್‌ಪಿ ಈ ಗೇಮ್‌ಗಳನ್ನು ಚೆನ್ನಾಗಿ ಆಡಿಸುತ್ತದೆ. ಅದು ಜೇಬಿಗೂ ಹಿಡಿಸುತ್ತದೆ.

ಪ್ಲೇಸ್ಟೇಷನ್ 2 ಬೇರೆ ಮಾತು. ನಮ್ಮಲ್ಲಿ ಇದು ಮನೆಮನೆಯಲ್ಲಿತ್ತು, ಈಗ ಅಟ್ಟದ ಮೇಲಿದೆ. ಲೇಸರ್ ಸತ್ತ ಕನ್ಸೋಲ್ ಗುಜರಿ ಬೆಲೆಗೆ ಸಿಗುತ್ತದೆ. ಡ್ರೈವ್ ಹೇಗೂ ಕಿತ್ತು ಹಾಕುವ ನಮಗೆ ಅಂಥದ್ದೇ ಸಾಕು. 2004ರ ನಂತರದ ತೆಳು ಮಾದರಿ ತಗೊಳ್ಳಿ, ಅದರಲ್ಲೂ 79000 ಸರಣಿಯದು ಸಿಕ್ಕರೆ ಬಿಡಬೇಡಿ. ಅದು ಹೊರಗಿನ ಅಡಾಪ್ಟರಿನಿಂದ 8.5 ವೋಲ್ಟ್ ತಗೊಳ್ಳುತ್ತದೆ. ಮುಂದಿನ 90000 ಸರಣಿಯಲ್ಲಿ ಪವರ್ ಸಪ್ಲೈ ಒಳಗೇ ಇದೆ. ಅದನ್ನು ಬಿಚ್ಚಿ ಬೇರೆ ಮಾಡುವುದು ಇನ್ನೊಂದು ಕೆಲಸ. ಒಳಗೆ 230 ವೋಲ್ಟ್ ಇರುವುದರಿಂದ ಕಲಿಯುವವರು ದೂರ ಇದ್ದರೆ ಒಳ್ಳೆಯದು.

ಡ್ರೈವ್ ಇಲ್ಲದೆ ಗೇಮ್ ಓಡಿಸಲು ಮೆಮೊರಿ ಕಾರ್ಡಿಗೆ ಫ್ರೀ ಮ್ಯಾಕ್‌ಬೂಟ್ ಅನ್ನುವ ತಂತ್ರಾಂಶ ಹಾಕುತ್ತಾರೆ. ಆಮೇಲೆ ಯುಎಸ್‌ಬಿ ಡ್ರೈವಿನಿಂದ ಓದಿಸಬಹುದು ಅಂತ ಎಲ್ಲರೂ ಹೇಳುತ್ತಾರೆ. ಹೇಳದೇ ಬಿಡುವುದು ಏನೆಂದರೆ ಇದರ ಯುಎಸ್‌ಬಿ 1.1, ತೀರಾ ನಿಧಾನ. ಗೇಮ್ ನಡುವಿನ ಸಿನಿಮಾ ದೃಶ್ಯಗಳು ತಡವರಿಸುತ್ತವೆ. ಅದರ ಬದಲು ಮೆಮೊರಿ ಕಾರ್ಡ್ ಸ್ಲಾಟಿಗೇ ಎಸ್‌ಡಿ ಕಾರ್ಡ್ ಕೂರಿಸುವ ಪುಟ್ಟ ಅಡಾಪ್ಟರ್ ಬಳಸಿ. ರಿಮೋಟಿನ ಬಟನ್‌ಗಳ ವಿಷಯದಲ್ಲೂ ಒಂದು ಎಚ್ಚರ. ಡ್ಯುಯಲ್‌ಶಾಕ್ 2ರ ಬಟನ್‌ಗಳು ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದನ್ನೂ ಗುರುತಿಸುತ್ತವೆ. ಮಾಮೂಲಿ ಟಕ್ ಟಕ್ ಸ್ವಿಚ್ ಹಾಕಿದರೆ ಕೆಲವು ರೇಸ್ ಗೇಮ್‌ಗಳಲ್ಲಿ ಕಾರು ಒಂದೋ ಓಡುತ್ತದೆ, ಇಲ್ಲವೋ ನಿಲ್ಲುತ್ತದೆ, ನಡುವೆ ಏನೂ ಇಲ್ಲ.

ತೊಂದರೆ ಅಂದರೆ ಬೋರ್ಡನ್ನು ಹೆಚ್ಚು ಕತ್ತರಿಸಲು ಆಗುವುದಿಲ್ಲ. ಫ್ಯಾನ್ ಬೇಕೇ ಬೇಕು. ಆದ್ದರಿಂದ ಕೊನೆಗೆ ಸಿಗುವುದು ಎರಡೂ ಕೈ ತುಂಬುವ ಯಂತ್ರ. ಮಡಿಲಲ್ಲಿ ಇಟ್ಟುಕೊಂಡು ಆಡಲು ಪರವಾಗಿಲ್ಲ.

ಸೆಗಾ ಡ್ರೀಮ್‌ಕಾಸ್ಟ್ ಬಗ್ಗೆ ಕೇಳುವವರಿದ್ದಾರೆ. ಡ್ರೈವ್ ಬದಲಿಗೆ ಹಾಕುವ ಬೋರ್ಡ್ ಇದೆ, ಡ್ರೈವ್ ಹೋದರೆ 12 ವೋಲ್ಟಿನ ಅಗತ್ಯವೂ ಹೋಗುತ್ತದೆ. ಆದರೆ ನಮ್ಮ ಕಡೆ ಕನ್ಸೋಲೇ ಅಪರೂಪ. ಇದ್ದರೆ ಹಾಗೇ ಇಟ್ಟುಕೊಳ್ಳಿ.

ವೀ: ಕತ್ತರಿಸಿದಷ್ಟೂ ಬದುಕುವ ಬೋರ್ಡ್

ನಿಂಟೆಂಡೊ ವೀ ಬಂದದ್ದು 2006ರಲ್ಲಿ, ನಿಂಟೆಂಡೊ 64ಕ್ಕಿಂತ ಹತ್ತು ವರ್ಷ ಈಚೆಗೆ. ಹಾಗಿದ್ದರೆ ಕಷ್ಟವೂ ಹತ್ತು ಪಟ್ಟು ಅಂತ ಅನ್ನಿಸುವುದು ಸಹಜ. ಆಗುವುದು ಉಲ್ಟಾ. ಇದರ ಮುಖ್ಯ ಚಿಪ್‌ಗಳೆಲ್ಲ ಬೋರ್ಡಿನ ಒಂದು ಮೂಲೆಯಲ್ಲಿ ಗುಂಪಾಗಿ ಕೂತಿವೆ. ಮಿಕ್ಕದ್ದು ಸಾಕೆಟ್‌ಗಳು, ಡ್ರೈವಿನ ಸರ್ಕಿಟ್, ವೋಲ್ಟೇಜ್ ಇಳಿಸುವ ಸರ್ಕಿಟ್. ಎಲ್ಲಿ ಗೆರೆ ಹಾಕಿ ಕತ್ತರಿಸಬೇಕು ಅಂತ ಈ ಹವ್ಯಾಸದವರು ವರ್ಷಗಟ್ಟಲೆ ಬೋರ್ಡ್‌ಗಳನ್ನು ಬಲಿಕೊಟ್ಟು ಕಂಡುಕೊಂಡಿದ್ದಾರೆ. ಕೊನೆಗೆ ಉಳಿಯುವುದು ಅಂಗೈಯಲ್ಲಿ ಮುಚ್ಚಿಡಬಹುದಾದ ತುಂಡು. ಅದು ವೀ ಗೇಮನ್ನೂ ಆಡಿಸುತ್ತದೆ, ಅದರ ಹಿಂದಿನ ಗೇಮ್‌ಕ್ಯೂಬ್‌ನದ್ದನ್ನೂ ಆಡಿಸುತ್ತದೆ. ಗೇಮ್‌ಕ್ಯೂಬ್‌ಗೆ ಎಮ್ಯುಲೇಟರ್, ಅಂದರೆ ಬೇರೆ ಕನ್ಸೋಲನ್ನು ಅನುಕರಿಸುವ ತಂತ್ರಾಂಶ, ಬೇಕಿಲ್ಲ, ಎರಡೂ ಒಂದೇ ವಂಶದ ಚಿಪ್.

ತುಂಡಾದ ಬೋರ್ಡಿಗೆ ನೀವು ಕೊಡಬೇಕಾದ ವೋಲ್ಟೇಜ್ ನಾಲ್ಕು: 1.0, 1.15, 1.8 ಮತ್ತು 3.3. ನಾಲ್ಕು ಅಂದಕೂಡಲೇ ಹೆದರಬೇಡಿ. ಇದಕ್ಕೆಂದೇ ಮಾಡಿದ ಪವರ್ ಬೋರ್ಡ್‌ಗಳು ಸಿದ್ಧವಾಗಿ ಸಿಗುತ್ತವೆ. ಯುಎಸ್‌ಬಿಗೆ ಪ್ರತ್ಯೇಕ 5 ವೋಲ್ಟ್. ಗೇಮ್‌ಗಳು ಪೆನ್ ಡ್ರೈವಿನಿಂದ ಓದುತ್ತವೆ. ಇಲ್ಲಿ ಯುಎಸ್‌ಬಿ 2.0, ಪ್ಲೇಸ್ಟೇಷನ್ 2ರ ತಡವರಿಕೆ ಇಲ್ಲ.

ಕೆಲಸದ ಕ್ರಮ ಮಾತ್ರ ತಪ್ಪುವ ಹಾಗಿಲ್ಲ. ಕತ್ತರಿಸುವ ಮೊದಲೇ, ಕನ್ಸೋಲ್ ಇಡಿಯಾಗಿ ಇರುವಾಗಲೇ, ಹೋಮ್‌ಬ್ರೂ, ಅಂದರೆ ಹವ್ಯಾಸಿಗಳೇ ಬರೆದ ತಂತ್ರಾಂಶ ಹಾಕಿ ಮುಗಿಸಬೇಕು. ಒಳಗಿನ 512 ಎಂಬಿ ಮೆಮೊರಿಯ ಪ್ರತಿಯನ್ನೂ ತೆಗೆದಿಡಬೇಕು. ಪ್ರತಿ ವೀಗೂ ಅದರದೇ ಬೀಗದ ಕೀ ಇರುತ್ತದೆ, ಒಂದರ ಪ್ರತಿ ಇನ್ನೊಂದಕ್ಕೆ ಆಗುವುದಿಲ್ಲ. ಆಮೇಲೆ ಮಲ್ಟಿಮೀಟರ್ ಹಿಡಿದು ನಾಲ್ಕೂ ವೋಲ್ಟೇಜ್ ಗೆರೆಯಿಂದ ಗ್ರೌಂಡಿಗೆ ಎಷ್ಟು ಓಮ್ ಬರುತ್ತದೆ ಅಂತ ಅಳೆದು ಚೀಟಿಯಲ್ಲಿ ಬರೆದಿಡಿ. ಚೆನ್ನಾಗಿರುವ ಬೋರ್ಡಿನಲ್ಲೂ ಚಿಪ್‌ಗಳ ಗೆರೆಯಲ್ಲಿ ತೀರಾ ಕಡಿಮೆ ಓಮ್ ತೋರಿಸುತ್ತದೆ. ಕತ್ತರಿಸಿದ ಮೇಲೆ ಮೊದಲ ಸಲ ನೋಡಿದವರು ಶಾರ್ಟ್ ಆಯಿತು ಅಂತ ಎದೆ ಒಡೆದುಕೊಳ್ಳುತ್ತಾರೆ. ಚೀಟಿ ಇದ್ದರೆ ಹೋಲಿಸಿ ನೋಡಬಹುದು.

ಕತ್ತರಿಸುವುದು ಸಣ್ಣ ರೋಟರಿ ಟೂಲಿನಿಂದ, ಗೆರೆಗಿಂತ ಒಂದೆರಡು ಮಿಲಿಮೀಟರ್ ಹೊರಗೆ. ಉಳಿದದ್ದನ್ನು ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ತರುವುದು. ಬೋರ್ಡಿನಲ್ಲಿ ತಾಮ್ರದ ಪದರ ಹಲವು. ಬ್ಲೇಡಿನ ರಭಸಕ್ಕೆ ಒಂದು ಪದರದ ಚೂರು ಇನ್ನೊಂದರ ಮೇಲೆ ಮಡಚಿ ಕೂರುತ್ತದೆ. ಶಾರ್ಟ್ ಆಗುವುದು ಬಹುಪಾಲು ಅಲ್ಲೇ. ನುಣ್ಣಗೆ ಉಜ್ಜಿದರೆ ಬಿಡುತ್ತದೆ. ಆ ಧೂಳು ಗಾಜಿನ ನಾರಿನದು. ಮಾಸ್ಕ್ ಹಾಕಿ, ಮನೆಯೊಳಗೆ ಮಾಡಬೇಡಿ. ನಮ್ಮ ಮನೆಯ ಟೆರೇಸಿನಲ್ಲಿ ಹಪ್ಪಳ ಒಣಗಿಸಿದ್ದ ದಿನ ಕತ್ತರಿಸಲು ಕೂತು ಅಮ್ಮನಿಂದ ಬೈಸಿಕೊಂಡಿದ್ದೇನೆ. ಅವರು ಬೈದದ್ದು ಸರಿಯೇ.

ವೀಯ ಕೊರತೆ ಅದರ ರಿಮೋಟು. ಬೀಸಿ, ತೋರಿಸಿ ಆಡುವ ಗೇಮ್‌ಗಳು ಕೈಗನ್ಸೋಲಿಗೆ ಹೊಂದುವುದಿಲ್ಲ. ಬ್ಲೂಟೂತ್ ಚಿಪ್ ಉಳಿಸಿಕೊಂಡು ರಿಮೋಟ್ ಬೇರೆ ಹಿಡಿದು ಆಡಬಹುದು, ಆದರೆ ಆಗ ಪರದೆಯನ್ನು ಹಿಡಿಯುವವರು ಯಾರು? ಬಟನ್ನಿನಲ್ಲಿ ಆಡುವ ಗೇಮ್‌ಗಳು ಮತ್ತು ಗೇಮ್‌ಕ್ಯೂಬ್‌ನವು ಸಾಕು ಅನ್ನುವವರಿಗೆ ಮಾತ್ರ ಇದು.

ಬ್ಯಾಟರಿ ಮತ್ತು ಪರದೆ

ನನ್ನ ವೀ ಪರದೆ ಸೇರಿ ಹತ್ತು-ಹನ್ನೆರಡು ವ್ಯಾಟ್ ಎಳೆಯುತ್ತದೆ. 18650 ಅನ್ನುವ ಉರುಳೆಯಾಕಾರದ ಲಿಥಿಯಂ ಸೆಲ್ ಒಳ್ಳೆಯದಾದರೆ ಒಂದರಲ್ಲಿ 3000 ಎಂಎಎಚ್ ಅಂದುಕೊಳ್ಳಿ, ಅಂದರೆ ಹತ್ತಕ್ಕೆ ಸ್ವಲ್ಪ ಮೇಲೆ ವ್ಯಾಟ್ ಅವರ್. ಎರಡು ಹಾಕಿದರೆ, ವೋಲ್ಟೇಜ್ ಬದಲಿಸುವಾಗ ಆಗುವ ನಷ್ಟ ಕಳೆದು, ಒಂದೂವರೆ ಗಂಟೆಯ ಮೇಲೆ. ನಾಲ್ಕು ಹಾಕಿದರೆ ಮೂರು ಗಂಟೆ, ಜೊತೆಗೆ ಇನ್ನೂ ನೂರು ಗ್ರಾಂಗೆ ಹತ್ತಿರ ಹೆಚ್ಚಿನ ಭಾರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಡಬ್ಬದ ಅಳತೆಯನ್ನು ಬ್ಯಾಟರಿ ನಿರ್ಧರಿಸಿದ ಮೇಲೆ ಉಳಿದದ್ದು.

ಸೆಲ್ ಕೊಳ್ಳುವಾಗ ಮೈಯೆಲ್ಲ ಕಣ್ಣಾಗಿರಿ. ಒಂದು ಅಂಗಡಿಯಲ್ಲಿ 9900 ಎಂಎಎಚ್ ಅಂತ ಬರೆದಿದ್ದ ಸೆಲ್ ತಂದೆ. ಇಪ್ಪತ್ತು ನಿಮಿಷಕ್ಕೆ ಕಣ್ಣು ಮುಚ್ಚಿತು. ಈ ಅಳತೆಯ ಸೆಲ್ಲಿನಲ್ಲಿ 3500ಕ್ಕಿಂತ ಬಹಳ ಮೇಲೆ ಬರೆದಿದ್ದರೆ ಅದು ಸುಳ್ಳು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. ಅಸಲಿ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ, ನನ್ನದು ಅದಕ್ಕಿಂತ ಎಷ್ಟೋ ಹಗುರವಿತ್ತು. ಸೆಲ್ಲಿಗೆ ನೇರವಾಗಿ ಸೋಲ್ಡರ್ ಹಿಡಿಯಬೇಡಿ, ಬಿಸಿಗೆ ಒಳಗೆ ಹಾಳಾಗುತ್ತದೆ. ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿಸಿ. ರಕ್ಷಣೆಯ ಬೋರ್ಡ್ ಹಾಕದೆ ಪ್ಲಗ್ಗಿಗೆ ಚುಚ್ಚಲೇಬೇಡಿ.

ಪರದೆಗೆ ಬೆಂಗಳೂರಿನವರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನ ಬದಲು ಮೊದಲು ಕಾರಿನ ಬಿಡಿಭಾಗಗಳ ಜೆಸಿ ರೋಡಿಗೆ ಹೋಗಲಿ. ಕಾರಿನ ರಿವರ್ಸ್ ಕ್ಯಾಮೆರಾದ 4.3 ಇಂಚಿನ ಪರದೆ ಅಗ್ಗ. ಹಳೆಯ ಕನ್ಸೋಲಿನ ಹಳದಿ ವೈರಿನ ಚಿತ್ರವನ್ನು ಅದು ನೇರವಾಗಿ ತಗೊಳ್ಳುತ್ತದೆ. ಟಿವಿ ಗೇಮಿಗೂ ನಿಂಟೆಂಡೊ 64ಕ್ಕೂ ಅಷ್ಟು ಸಾಕು. ವೀಗೆ ಮಾತ್ರ ಜಿಪುಣತನ ಬೇಡ. ಅದರಿಂದ 480ಪಿ ಚಿತ್ರ ಹೊರಗೆ ತೆಗೆಯಬಹುದು. ಆ ಚಿತ್ರ ತಗೊಳ್ಳುವ 5 ಇಂಚಿನ ಪರದೆ ಹಾಕಿದರೆ ಸಣ್ಣ ಅಕ್ಷರವೂ ಓದಲು ಬರುತ್ತದೆ.

ಏನೂ ಕತ್ತರಿಸದ ದಾರಿ

ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ, 2021ರದ್ದು. 512 ಎಂಬಿ ಮೆಮೊರಿ, ಬೆರಳುದ್ದದ ಬೋರ್ಡ್, 5 ವೋಲ್ಟ್. ಫ್ಯಾಮಿಕಾಮ್, ಮೆಗಾ ಡ್ರೈವ್, ಮೊದಲ ಪ್ಲೇಸ್ಟೇಷನ್ ಎಲ್ಲ ಎಮ್ಯುಲೇಟರಿನಲ್ಲಿ ಆರಾಮವಾಗಿ ಓಡುತ್ತವೆ. ನಿಂಟೆಂಡೊ 64ರದ್ದು ಕೆಲವು ಓಡುತ್ತವೆ, ಕೆಲವು ಕುಂಟುತ್ತವೆ. ಗೇಮ್‌ಕ್ಯೂಬ್ ಕೇಳಬೇಡಿ. ಗೇಮ್ ಆಡುವುದಷ್ಟೇ ಆಸೆಯಾದರೆ ಇದು ಸಾಕು. ಇನ್ನೂ ನಿಜ ಹೇಳಬೇಕೆಂದರೆ ಸಿದ್ಧವಾಗಿ ಬರುವ ಚೀನಾದ ಕೈಗನ್ಸೋಲ್ ಇದಕ್ಕಿಂತ ಅಗ್ಗ. ನಮಗೆ ಬೇಕಿರುವುದು ಅದಲ್ಲ ಅಂತ ಗೊತ್ತಿದ್ದವರು ಮಾತ್ರ ಮುಂದಕ್ಕೆ ಬರಲಿ.

ಆ ಹುಡುಗ ಕೊನೆಗೆ ಟಿವಿ ಗೇಮನ್ನೇ ಮಾಡಿದ. ಮೂರು ವಾರ ಹಿಡಿಯಿತು, ಒಂದು ಬೂಸ್ಟ್ ಬೋರ್ಡ್ ಸುಟ್ಟ. ಈಗ ವೀ ಹುಡುಕುತ್ತಿದ್ದಾನೆ. ಹಳೆ ಸಾಮಾನು ಮಾರುವವರು ಹಾಕಿದ ಫೋಟೋಗಳನ್ನು ದಿನಕ್ಕೊಂದು ನನಗೆ ಕಳಿಸುತ್ತಾನೆ. ನಾನು ಪ್ರತಿ ಸಲ ಕೇಳುವುದು ಒಂದೇ: ನಿಲ್ಲಿಸಿದ ವೀಯ ನೆತ್ತಿಯ ಮೇಲಿನ ಮುಚ್ಚಳ ತೆಗೆದ ಫೋಟೋ ಕೇಳು. ಅಲ್ಲಿ ಗೇಮ್‌ಕ್ಯೂಬ್ ರಿಮೋಟಿನ ನಾಲ್ಕು ಗುಂಡು ಸಾಕೆಟ್ ಕಂಡರೆ ಅದು ಮೊದಲ ಮಾದರಿ, ಆರ್‌ವಿಎಲ್-001. ಕತ್ತರಿಸುವ ನಕ್ಷೆ ಇರುವುದು ಅದಕ್ಕೆ. 2011ರ ನಂತರದ ಮಾದರಿಯಲ್ಲಿ ಆ ಸಾಕೆಟ್ ಇಲ್ಲ. "ಡಿಸ್ಕ್ ಓದಲ್ಲ ಅಂತ ಹಾಕಿದಾರೆ, ತಗೊಳ್ಲಾ?" ಅಂತ ನಿನ್ನೆ ಕೇಳಿದ. ಅಂಥದ್ದೇ ತಗೋ, ಚೌಕಾಸಿ ಮಾಡೋಕೆ ಸುಲಭ ಅಂದೆ.